ಕೊತವಾಲನ ಜೊತೆ ಹಿಮಾಲಯಕ್ಕೆ

ಹೊಸದಾಗಿ ಮದುವೆಯಾದ ಗಂಡಸಿನ ಬಾಯಿಗೆ ಸರಕಾರ ಒಂದು ವರ್ಷದ ಮಟ್ಟಿಗಾದರೂ ಬೀಗ ಜಡಿಯಬೇಕು. ನನಗೆ ಯಾರೂ ಜಡಿಯಲಿಲ್ಲ. ಹೊಸ ಹೆಂಡತಿ ರುಕ್ಮವ್ವ ಗೋಡೆಯ ಪಟದಲ್ಲಿ ಶಿವನ ಬೆನ್ನ ಹಿಂದಿದ್ದ ಬೆಳ್ಳನೆಯ ಗುಡ್ಡವನ್ನು ನೋಡಿ, ‘ಅದು ಖರೇನ ಐತೇನ್ರಿ?’ ಎಂದು ಕೇಳಿದಳು.

‘ಐತಿ. ನಾನ ನಿನಗ ಕರಕೊಂಡ ಹೋಗಿ ತೋರಸ್ತೇನಿ’ ಎಂದುಬಿಟ್ಟೆ.

ಇಂಗ್ರೇಜರು ಹೋದರು, ನಿಜಾಮ ಹೋದ, ಮುಂಬಯಿ ಪ್ರಾಂತ ಹೋಯಿತು, ಇಂಡಿ ಊರಿನ ಸಾಲೆಯ ಮಾಸ್ತರನಾಗಿದ್ದ ನಾನೂ ನಿವೃತ್ತನಾಗಿ ಹೋದೆ. ಆ ಮಾತು ಮಾತ್ರ ಹೋಗಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೆ, ‘ಹಿಮಾಲಯ ತೋರಸಾವ್ರಿಗೆ ಉಪ್ಪಿನ ಚಿಂತಿ ಯಾಕ್ರಿ?’ ಎನ್ನುವಳು.

ಎಪ್ಪತ್ತಾರನೆಯ ಇಸವಿಯಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ, ನನ್ನ ಮಾನ ಉಳಿಸಿಕೊಳ್ಳುವ ದಾರಿಯೊಂದು ತೆರೆಯಿತು. ಅವಳ ತಮ್ಮ ಪರಪ್ಪ ನೇಪಾಳದಲ್ಲಿ ರಸ್ತೆ ಕೆಲಸದ ಆಳುಗಳ ಮುಕಾದಮ. ಸಾಹೇಬರು ಸೂಟಿ ಕಳೆಯುವ ಗುಡ್ಡದ ಬಂಗ್ಲೆ ಖಾಲಿ ಇದೆ, ಅಂಗಳದಲ್ಲಿ ನಿಂತರೆ ಹಿಮಾಲಯ ಮೂಗಿಗೆ ತಾಗುತ್ತದೆ, ಬಂದು ಒಂದು ವಾರ ಇದ್ದು ಹೋಗಿರಿ ಎಂದು ಹೇಳಿಕಳಿಸಿದ.

‘ಬರ್ತೇನಿ. ಆದ್ರ ಕೊತವಾಲನೂ ಬರಬೇಕು’ ಎಂದಳು ರುಕ್ಮವ್ವ.

ಕೊತವಾಲ ನಮ್ಮ ನಾಯಿ; ಹೆಸರಿಗಷ್ಟೇ ಪೊಲೀಸ್ ಅಧಿಕಾರಿ. ಮುಧೋಳದ ಜಾತಿ. ಎಷ್ಟು ಸಣಕಲೆಂದರೆ ಎದುರಿಗೆ ನಿಂತರೆ ಎರಡು ಕಣ್ಣಷ್ಟೇ ಕಾಣುತ್ತವೆ; ನಾಯಿ ಕಾಣಬೇಕಾದರೆ ಅದು ಅಡ್ಡ ನಿಲ್ಲಬೇಕು.

‘ನಾಯಿಗೆ ಹಿಮಾಲಯದಾಗ ಏನ ಕೆಲಸ?’

‘ನಿಮಗೇನ ಕೆಲಸ ಐತಿ?’

(ಪಿಂಚಣಿದಾರನಿಗೆ ಕೇಳಬಾರದ ಪ್ರಶ್ನೆ ಇದು.)

ಸ್ಟೇಶನ್ನಿಗೆ ಹೊರಟಾಗ ಟಾಂಗಾದ ಚಾಂದಸಾಬ ತಲೆ ಕೆರೆದುಕೊಂಡ. ‘ಮಾಸ್ತರ್ರ, ಮುಂದ ನಾಯಿ ಕುಂತೈತಿ. ಹಿಂದ ಅವ್ವಾರು, ಜ್ವಾಳದ ಹಿಟ್ಟಿನ ಚೀಲ. ನೀವೇನ ಕುದರಿ ಜೋಡಿ ಓಡ್ತೀರೇನ್ರಿ?’

ಓಟ ಅಲ್ಲಿಂದಲೇ ಆರಂಭ. ರೈಲಿನಲ್ಲಿ ನಾಯಿಯ ಪೆಟ್ಟಿಗೆ ಗಾರ್ಡನ ಡಬ್ಬಿಯಲ್ಲಿ, ಕಟ್ಟಕಡೆಗೆ. ನಾವು ಇಂಜಿನ್ನಿನ ಹೊಗೆಯಲ್ಲಿ, ಮುಂದುಗಡೆ. ರೈಲು ನಿಂತಲ್ಲೆಲ್ಲ ರುಕ್ಮವ್ವ, ‘ಕತ್ತಲದಾಗ ಒಂದ ಐತ್ರಿ ಅದು, ಹೋಗಿ ಮಾತಾಡಿಸಿ ಬರ್ರಿ’ ಎನ್ನುವಳು. ನಾನು ನೀರಿನ ತಂಬಿಗೆ ಹಿಡಿದು ಓಡುವೆ, ಮಾತಾಡಿಸುವೆ, ಸೀಟಿ ಕೇಳಿ ಮತ್ತೆ ಓಡುವೆ. ನಿಜ ಹೇಳಬೇಕೆಂದರೆ ಸೊಲ್ಲಾಪುರದಿಂದ ಗೋರಖಪುರಕ್ಕೆ ಹೆಂಡತಿ ಮತ್ತು ನಾಯಿ ರೈಲಿನಲ್ಲಿ ಹೋದರು, ನಾನು ನಡೆದು ಹೋದೆ. ನೇಪಾಳದ ಗಡಿಯ ಪೊಲೀಸನು ಹೆಸರು ಕೇಳಿ ಕೊತವಾಲನಿಗೆ ಸಲಾಮು ಹೊಡೆದು, ನನ್ನನ್ನು ಅದರ ಆಳು ಎಂದುಕೊಂಡು ಒಳಗೆ ಬಿಟ್ಟ.

ಬಂಗ್ಲೆ ಇತ್ತು. ಅಂಗಳವೂ ಇತ್ತು. ಹಿಮಾಲಯ ಇರಲಿಲ್ಲ. ಅದರ ಜಾಗದಲ್ಲಿ ಮಂಜು ನಿಂತಿತ್ತು. ಎಂಥ ಮಂಜೆಂದರೆ, ತುತ್ತು ಬಾಯಿಗೆ ಹೋಯಿತೋ ಕಿವಿಗೆ ಹೋಯಿತೋ ರುಚಿಯಿಂದಲೇ ತಿಳಿಯಬೇಕು.

‘ನಿನ್ನಿ ತನಕ ಇತ್ತು ಮಾಮಾ, ಆಣಿ ಮಾಡಿ ಹೇಳ್ತೇನಿ’ ಎಂದ ಪರಪ್ಪ.

ದಿನಗಳು ಕಳೆದವು ಎನ್ನುವುದು ಊಹೆ; ಸೂರ್ಯ ಕಂಡರಲ್ಲವೆ ದಿನ? ಕಟ್ಟಿಗೆ ಹಸಿ, ಹಾಸಿಗೆ ಹಸಿ. ಒಣಗಿದ್ದು ನನ್ನ ಮುಖ ಒಂದೇ. ಕೊತವಾಲ ಗೋಡೆಗೆ ಮುಖ ಮಾಡಿ ಗಡಗಡ ನಡುಗುತ್ತ, ನಾನೇ ಈ ಗುಡ್ಡ ಕಟ್ಟಿಸಿದವನೆಂಬಂತೆ ಆಗಾಗ ನನ್ನನ್ನು ತಿರುಗಿ ನೋಡುತ್ತಿತ್ತು. ರುಕ್ಮವ್ವ ನಸುಕಿನಲ್ಲೇ ಎದ್ದು ಅಂಗಳಕ್ಕೆ ಹೋಗಿ ನಿಲ್ಲುವಳು, ಸೆರಗು ಒದ್ದೆ ಮಾಡಿಕೊಂಡು ಬರುವಳು. ಕಡೆಗೊಂದು ಸಂಜೆ ಮೆಲ್ಲಗೆ, ‘ಇರಲಿ ಬಿಡ್ರಿ. ಹಣ್ಯಾಗ ಬರದಿರಬೇಕಲ್ಲ’ ಎಂದಳು.

ಅವಳು ಬೈದಿದ್ದರೆ ಹಾಯಾಗಿ ನಿದ್ದೆ ಮಾಡುತ್ತಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನವೇ ಹೊರಡುವುದಿತ್ತು, ಜೀಪು ಮಧ್ಯಾಹ್ನಕ್ಕೆ. ಇದೊಂದು ಮುಂಜಾನೆ ಇಬ್ಬರೇ ಕೂತು ನೋಡೋಣ, ಮಂಜು ಸರಿದರೂ ಸರಿದೀತು ಎಂದು, ಕೊತವಾಲನನ್ನು ಅಂಗಳದ ಕಂಬಕ್ಕೆ ಕಟ್ಟಿದೆ. ಎತ್ತಿಗೆ ಹಾಕುವ ಕೊರಳಗಂಟು, ನಮ್ಮಪ್ಪ ಕಲಿಸಿದ್ದು. ನಮ್ಮ ಮನೆತನದ ಯಾವ ಎತ್ತೂ ಅದನ್ನು ಕಳಚಿಕೊಂಡಿಲ್ಲ. ಆದರೆ ಎತ್ತಿಗೆ ಕೋಡಿರುತ್ತವೆ. ಮುಧೋಳದ ನಾಯಿಯ ತಲೆ ಕೊರಳಿಗಿಂತ ಸಣ್ಣದು. ಮಂಜಿನೊಳಗೆ ಏನೋ ಸರಕ್ಕೆಂದಿತು, ನಾಯಿ ಹೋಯಿತು. ಗಂಟು ಮಾತ್ರ ಭದ್ರವಾಗಿತ್ತು.

ನಮ್ಮ ಎರೆಹೊಲದಲ್ಲಿ ಅದು ಓಡಿದರೆ ಒಂದು ಸುತ್ತು ಹಾಕಿ ಬರುತ್ತದೆ. ಇಲ್ಲಿ ಓಡುವುದೆಂದರೆ ಕೆಳಗೆ, ಇನ್ನೂ ಕೆಳಗೆ.

‘ಅಯ್ಯ ನನ್ನ ಶಿವನ!’ ಎಂದು ರುಕ್ಮವ್ವ ಎದೆ ಬಡಿದುಕೊಂಡಳು. ‘ನಿಂತ ಏನ್ ನೋಡ್ತೀರಿ, ಹೋಗ್ರಿ! ಗುಡ್ಡಾ ಅಂತೂ ತೋರಸಲಿಲ್ಲ, ನಾಯಿನ್ನರ ತೋರಸ್ರಿ!’

ಇಳಿದೆ. ಕಾಲ ಮೇಲೆ ಕೆಲವು ಹೆಜ್ಜೆ, ಉಳಿದದ್ದು ಕುಂಡೆಯ ಮೇಲೆ. ಧೋತರದ ಅರ್ಧ ಒಂದು ಮುಳ್ಳುಕಂಟಿಗೆ ಕಾಣಿಕೆಯಾಯಿತು. ಜಿಗಣೆಗಳು ವಿಜಾಪುರ ಜಿಲ್ಲೆಯ ರಕ್ತವನ್ನು ಮೊದಲ ಸಲ ಸವಿದು ನೆಂಟರನ್ನೂ ಕರೆದವು. ‘ಕೊತವಾಲಾ! ಏ ಕೊತವಾಲಾ!’ ಎಂದು ಕಣಿವೆಯಲ್ಲಿ ಒದರಿದರೆ, ಪೊಲೀಸರು ಬಂದರೆಂದು ಕೆಳಗಿನ ಮನೆಯವರು ಕದ ಹಾಕಿಕೊಂಡರು. ದನಿ ಬಿದ್ದುಹೋಯಿತು, ನಾಯಿ ಸಿಗಲಿಲ್ಲ. ನಾಲ್ಕು ಕಾಲಿನ ಮೇಲೆ ತೆವಳುತ್ತ ಹತ್ತಿದೆ. ಗುಡ್ಡವೂ ಇಲ್ಲ, ನಾಯಿಯೂ ಇಲ್ಲ. ಅವಳಿಗೆ ಏನೆಂದು ಮುಖ ತೋರಿಸಲಿ?

ಮೇಲೆ ಬಂದು ನೋಡಿದರೆ ರುಕ್ಮವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಮುಖ ಬೆಳ್ಳಿ ತಟ್ಟೆಯಂತೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಕೊತವಾಲ ಬಿಸಿ ರೊಟ್ಟಿ ತಿನ್ನುತ್ತಿತ್ತು.

‘ಯಾವಾಗ ಬಂತಽ ಇದು?’

‘ನೀವು ಇಳದ ಗಳಗಿಗೇನ. ನಾನು ಒಲಿ ಮುಂದ ಕುಂತು ರೊಟ್ಟಿ ಬಡದೆ. ಆ ಸಪ್ಪಳಾ ಕೇಳಿ ಓಡಿ ಬಂತು. ಅದರ ಹಿಂದನ ಮಂಜು ಸರೀತು ನೋಡ್ರಿ! ಬೆಳ್ಳಗ, ಮುಗಲಿನ ಹಣಿಗೆ ಈಬತ್ತಿ ಹಚ್ಚಿಧಂಗ! ನಾನು, ಪರಪ್ಪ, ಕೊತವಾಲ, ಕಣ್ತುಂಬ ನೋಡಿದ್ವಿ. ನಿಮ್ಮನ್ನ ಕರದ ಕರದ ಸಾಕಾತು.’

ತಿರುಗಿ ನೋಡಿದೆ. ಮಂಜು. ಕೆಳಗೆ ಜೀಪಿನ ಹಾರ್ನು ಕೇಳಿಸಿತು.

ರುಕ್ಮವ್ವ ನನ್ನ ರಟ್ಟೆ ಹಿಡಿದು ಸರಿಯಾದ ದಿಕ್ಕಿಗೆ ನಿಲ್ಲಿಸಿದಳು. ‘ಅಲ್ಲಿ ನೋಡ್ರಿ. ಹಂಗಲ್ಲ, ಇನ್ನೊಂಚೂರ ಮ್ಯಾಲ. ಹಾಂ, ಅಲ್ಲೇ ಇತ್ತು.’

ತೋರಿಸಬೇಕಾಗಿದ್ದವನು ನಾನು. ಈಗ ಅವಳು ತೋರಿಸುತ್ತಿದ್ದಳು. ಆ ಬಿಳಿಯ ಬಟ್ಟಬಯಲನ್ನು ಕತ್ತೆತ್ತಿ ನೋಡಿ, ‘ಹೌದಽ, ಭಾಳ ಛಲೋ ಐತಿ’ ಎಂದೆ.

‘ಏನೂ ಕಾಣಾಕತ್ತಿಲ್ಲಲ್ರಿ, ಸುಳ್ಳ್ಯಾಕ ಹೇಳ್ತೀರಿ?’ ಎಂದಳು ರುಕ್ಮವ್ವ. ‘ಕುಂಡ್ರಿ ಇಲ್ಲಿ, ಮದಲ ಕಾಲಾಗಿನ ಮುಳ್ಳ ತಗೀತೇನಿ.’