ಅಳತೆ ಮಾಮನ ಅಂಗಾಲು

ಒಂದು ಮೊಳೆ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದವೂ ಇರಲಿಲ್ಲ. ಬೆಳಿಗ್ಗೆ ಚಪ್ಪಲಿ ಅಂಗಡಿಯ ಗೋಡೆಗೆ ಹಲಗೆ ಬಡಿಯುವಾಗ ಕೆಳಗೆ ಬಿದ್ದು, ಮೊನೆ ಮೇಲೆ ಮಾಡಿಕೊಂಡು ಕೂತಿತ್ತು. ಅಳತೆ ಮಾಮ ಅದರ ಮೇಲೆ ಕಾಲಿಟ್ಟ. ಇಟ್ಟಿದ್ದು ಅವನಿಗೆ ತಿಳಿಯಲೇ ಇಲ್ಲ.

ಗಿರಾಕಿಯ ಕಾಲು ನೋಡಿದ ಕೂಡಲೇ ಅಳತೆ ಹೇಳುತ್ತಾನೆ ಅಂತ ಅವನಿಗೆ ಆ ಹೆಸರು. ಆದರೆ ಈಚೆಗೆ ಅವನ ಕಾಲಿನ ಸುದ್ದಿಯೇ ಅವನಿಗೆ ತಲುಪುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಹಳೆಯದು. ಮೊದಮೊದಲು ಪಾದದಲ್ಲಿ ಇರುವೆ ಹರಿದ ಹಾಗೆ ಆಗುತ್ತಿತ್ತು. ಆಮೇಲೆ ಉರಿ. ಈಗ ಹತ್ತಿಯ ಮೇಲೆ ನಡೆದಂತೆ, ಏನೆಂದರೆ ಏನೂ ಇಲ್ಲ. ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ತನ್ನ ಕಾಲೇ ತನಗೆ ತಿಳಿಯದವನು ಊರವರನ್ನು "ಬೆರಳು ಒತ್ತುತ್ತಾ?" ಅಂತ ಕೇಳುವುದೆಂದರೆ! ಮಾಲೀಕರಿಗೆ ಗೊತ್ತಾದರೆ ಕೆಲಸವೂ ಹೋಯಿತು, ಮಾನವೂ ಹೋಯಿತು.

ಅಂಗಡಿಯಲ್ಲಿ ಒಂದು ಕಟ್ಟಳೆ ಬೇರೆ ಇತ್ತು. ಬಿಳಿ ನೆಲ ಕೊಳೆಯಾಗಬಾರದೆಂದು ಕೆಲಸದವರೆಲ್ಲ ಬರಿಗಾಲು. ಚಪ್ಪಲಿ ಮಾರುವವರಿಗೇ ಚಪ್ಪಲಿ ಇಲ್ಲ. ಬೂಟು ಮಾಲೀಕರಿಗೆ ಮಾತ್ರ.

"ಟಕ್ ಟಕ್ ಅಂತ ಯಾರ್ರೀ ಓಡಾಡ್ತಿರೋದು?" ಗಲ್ಲಾದಲ್ಲಿ ಕೂರುವ ಅಕ್ಕ ಕತ್ತು ಉದ್ದ ಮಾಡಿದಳು. ಮರುಗಳಿಗೆಗೆ ಅವಳ ದನಿಯೇ ಬದಲಾಯಿತು. "ಅಯ್ಯಯ್ಯೋ, ರಕ್ತ!"

ನೋಡಿದರೆ ಬಿಳಿ ನೆಲದ ಮೇಲೆ ಕುಂಕುಮದ ಬೊಟ್ಟಿನ ಹಾಗೆ ಸಾಲು ಸಾಲು ಕಲೆ.

"ಯಾರಿಗೋ ಪಾಪ ಗಾಯ ಆಗಿದೆ!" ಅಂತ ಎಲ್ಲರಿಗಿಂತ ಮುಂಚೆ ಓಡಿದವನು ಮಾಮನೇ. ಬೂಟು ಹಾಕಿ ನೋಡುತ್ತಿದ್ದ ಮೇಷ್ಟ್ರ ಮುಂದೆ ಮಂಡಿಯೂರಿದ. "ಸ್ವಲ್ಪ ಕಾಲೆತ್ತಿ ಸಾರ್."

"ನನಗೇನೂ ಆಗಿಲ್ಲಪ್ಪಾ."

"ಕೆಲವರಿಗೆ ಆಗಿದ್ದೂ ತಿಳಿಯಲ್ಲ ಸಾರ್," ಅಂದುಬಿಟ್ಟ ಮಾಮ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಒರೆಸುವ ಬಟ್ಟೆ ತಂದ. ಇಲ್ಲಿ ಒರೆಸಿದರೆ ಅಲ್ಲಿ ಕಲೆ, ಅಲ್ಲಿ ಒರೆಸಿದರೆ ಬಾಗಿಲಲ್ಲಿ ಕಲೆ. ಅವನು ಹುಡುಕಿದಷ್ಟೂ ರಕ್ತ ಹೆಚ್ಚುತ್ತ ಹೋಯಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ತಪ್ಪು ಲೆಕ್ಕ ಹಿಡಿದವರ ಹಾಗೆ ಬೆರಳು ತೋರಿಸಿದರು. "ಏನ್ರೀ, ಕಲೆ ನಿಮ್ಮ ಹಿಂದೇನೇ ಬರ್ತಿದೆಯಲ್ಲ!"

ಮಾಮ ಕಾಲೆತ್ತಿದ. ಅಂಗಾಲಿನಲ್ಲಿ ಮೊಳೆಯ ತಲೆ ಅಂಗಿಯ ಹೊಸ ಗುಂಡಿಯ ಹಾಗೆ ಮಿಂಚಿತು.

"ನೋವಾಗಲಿಲ್ವಾ ಮಾಮ?" ಅಂದಳು ಅಕ್ಕ. ಅವನು ನೆಲ ನೋಡಿದ. ಗಿರಾಕಿಗಳೆಲ್ಲ ಅವನನ್ನೇ ನೋಡುತ್ತಿದ್ದರು. ಆ ಮೊಳೆ ಸೇರಿದ ತೂತಿನಲ್ಲೇ ತಾನೂ ಸೇರಿಹೋಗಬಾರದೇ ಅನ್ನಿಸಿತು.

ಮಾಲೀಕರು ಗೊಣಗುತ್ತಲೇ ಡಾಕ್ಟರ ಬಳಿ ಕರೆದೊಯ್ದರು. ಮೊಳೆ ಕಿತ್ತು, ಚುಚ್ಚುಮದ್ದು ಕೊಟ್ಟು, ಪಟ್ಟಿ ಕಟ್ಟಿದ ಮೇಲೆ ಡಾಕ್ಟರು ಹೇಳಿದರು: "ಕಣ್ಣು ಮುಚ್ಚಿ. ಪಾದಕ್ಕೆ ದಾರ ತಾಗಿಸ್ತೀನಿ. ಗೊತ್ತಾದಾಗ ಹೇಳಿ."

ಮಾಲೀಕರ ಎದುರಿಗೆ ಸೋಲಬಾರದು. ಮಾಮ ಕಣ್ಣು ಮುಚ್ಚಿದ. "ತಾಗ್ತು. ಹಾಂ, ತಾಗ್ತು. ಈಗ ಹೆಬ್ಬೆರಳಿಗೆ."

"ನಾನಿನ್ನೂ ದಾರಾನೇ ಹುಡುಕ್ತಿದೀನಿ," ಅಂದರು ಡಾಕ್ಟರು.

ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವನ ಕೈಲಿ ಅಳತೆ ಹಾಕಿಸಿದೀನಲ್ಲಪ್ಪಾ ಇಷ್ಟು ದಿನ!"

"ನಿಮಗೂ ಸಕ್ಕರೆ ಇದೆಯಲ್ವಾ? ಬಿಚ್ಚಿ ಬೂಟು."

ಮಾಲೀಕರು ಗತ್ತಿನಿಂದ ಕೂತು ಕಣ್ಣು ಮುಚ್ಚಿದರು. ಡಾಕ್ಟರು ಎರಡೂ ಪಾದಕ್ಕೆ ದಾರ ತಾಗಿಸುತ್ತ ಹೋದರು. ಮಾಲೀಕರು ತುಟಿಪಿಟಕ್ಕೆನ್ನಲಿಲ್ಲ.

ಕೊನೆಗೆ, "ಶುರು ಮಾಡಿ ಡಾಕ್ಟರೇ, ಅಂಗಡಿಗೆ ಹೋಗಬೇಕು," ಅಂದರು.

"ಮುಗೀತು."

ನಗು ನಿಂತಿತು. ಡಾಕ್ಟರು ಇಬ್ಬರಿಗೂ ಒಟ್ಟಿಗೇ ಬೈದರು. ನರ ಸೊರಗಿದೆ. ಸಕ್ಕರೆ ಹಿಡಿತದಲ್ಲಿಡದಿದ್ದರೆ ಇನ್ನೂ ಸೊರಗುತ್ತದೆ. ಇನ್ನು ಬರಿಗಾಲು ಸಲ್ಲ. ಬಿಸಿನೀರನ್ನು ಕಾಲಿಟ್ಟು ನೋಡಬೇಡಿ, ಮೊಣಕೈ ಇಟ್ಟು ನೋಡಿ. ಚಪ್ಪಲಿ ಹಾಕುವ ಮುಂಚೆ ಒಳಗೆ ಕೈಯಾಡಿಸಿ. ದಿನಾ ಅಂಗಾಲು ನೋಡಿಕೊಳ್ಳಿ, ಕನ್ನಡಿಯಲ್ಲಾದರೂ ಸರಿ, ಬೇರೆಯವರ ಕೈಲಾದರೂ ಸರಿ.

ದಾರಿಯಲ್ಲಿ ಮಾಲೀಕರ ದನಿ ಬೆಣ್ಣೆಯಾಗಿತ್ತು. "ನೋಡಯ್ಯಾ, ನಿನ್ನ ಕೆಲಸಕ್ಕೇನೂ ಭಯವಿಲ್ಲ. ನಾಳೆಯಿಂದ ಎಲ್ಲರೂ ಚಪ್ಪಲಿ ಹಾಕ್ಕೊಳ್ಳಿ. ಆದ್ರೆ ನನ್ನ ವಿಷಯ ಹೊರಗೆ ಬರಬಾರದು. ನಮ್ಮನೆಯವಳಿಗೆ ತಿಳಿದ್ರೆ ಊಟಾನೇ ನಿಲ್ಲಿಸ್ತಾಳೆ. ಈ ಹೊಟ್ಟೆ ಇಟ್ಕೊಂಡು ನನ್ನ ಅಂಗಾಲು ನನಗೆ ಕಾಣೋದುಂಟಾ? ದಿನಾ ನೀನೇ ನೋಡಿಬಿಡು."

ಕೆಲಸ ಉಳಿಯಿತಲ್ಲ ಅಂತ ಮಾಮ ತಲೆಯಾಡಿಸಿದ.

ಸಂಜೆ ಒಳಕೋಣೆಯಲ್ಲಿ ಮಾಲೀಕರು ಕುರ್ಚಿ ಮೇಲೆ, ಮಾಮ ನೆಲದ ಮೇಲೆ. ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಹಣೆ ತಾಗುವಷ್ಟು ಬಗ್ಗಿ ನೋಡುತ್ತಿದ್ದ. ಬಾಗಿಲು ದೂಡಿಕೊಂಡು ಅಕ್ಕ ಬಂದಳು. ಅವಳ ಹಿಂದೆ ಇಡೀ ಅಂಗಡಿ.

"ಅಯ್ಯೋ ಮಾಮ!" ಅಕ್ಕನ ಕಣ್ಣು ತುಂಬಿತು. "ಈ ವಯಸ್ಸಲ್ಲಿ ಕಾಲಿಗೆ ಬೀಳೋ ಹಾಗಾಯ್ತಲ್ಲ! ಮಾಲೀಕ್ರೇ, ಬಡವ, ಕೆಲಸ ಮಾತ್ರ ತೆಗೀಬೇಡಿ."

ಮಾಮ ಬಾಯಿ ತೆರೆದ. ಮಾಲೀಕರು ಅಷ್ಟರಲ್ಲಿ ಅವನ ಭುಜದ ಮೇಲೆ ಕೈಯಿಟ್ಟು ಒತ್ತಿದರು.

"ಆಯ್ತು, ಏಳಯ್ಯಾ," ಅಂದರು ಗಂಭೀರವಾಗಿ. "ಕ್ಷಮಿಸಿದೀನಿ."

ಎಲ್ಲರೂ ಮಾಮನನ್ನೇ ನೋಡುತ್ತಿದ್ದರು.

"ನಿಮ್ಮದು ದೊಡ್ಡ ಮನಸ್ಸು," ಅಂದ ಮಾಮ. ಏಳಲಿಲ್ಲ. ಎಡಗಾಲು ನೋಡುವುದು ಇನ್ನೂ ಬಾಕಿ ಇತ್ತು.