ವುಬಿತ್‌ಗೆ ಎಡ ಹೊಕ್ಕಿದ್ದು

ವುಬಿತ್‌ಗೆ ಎಡ ಹೊಕ್ಕಿದ್ದೇ ಇಲ್ಲ. ಗೊಂದರ್ ಊರಿನಲ್ಲಿ ಯಾರಿಗೇ ದಿಕ್ಕು ತೋಚದೆ ಹೋದರೂ "ನನಗೆ ಎಡ ಹೊಕ್ಕಿತು" ಎನ್ನುವುದು ವಾಡಿಕೆ. ಗಂಡ ಅದಾನೆಗೆ ಅದು ವಾರಕ್ಕೆ ಏಳು ಸಲ ಹೊಗುತ್ತಿತ್ತು. ಅವಳಿಗೆ ಮಾತ್ರ, ಅವಳಿ ಮಕ್ಕಳನ್ನು ಹೆತ್ತ ಮೇಲೂ, ಹತ್ತಿರ ಸುಳಿದಿರಲಿಲ್ಲ. ಮಗ ಯಾರೆದ್ ಎಷ್ಟು ಹೊತ್ತಿಗೆ ಹಾಲು ಕುಡಿದ, ಮಗಳು ಫೆವೆನ್ ಎಷ್ಟು ಸಲ ಒದ್ದೆ ಮಾಡಿಕೊಂಡಳು, ಎಲ್ಲವೂ ದಿನಚರಿಯಲ್ಲಿ ದಾಖಲು. ರಾಜ್ಯಗಳನ್ನು ಇದಕ್ಕಿಂತ ಸಡಿಲವಾಗಿ ಆಳಿದವರಿದ್ದಾರೆ.

ಗಂಡುಮಗುವಿಗೆ ನಲವತ್ತನೆಯ ದಿನ ದೀಕ್ಷಾಸ್ನಾನ, ಹೆಣ್ಣುಮಗುವಿಗೆ ಎಂಬತ್ತನೆಯ ದಿನ. ಒಂದೇ ಬೆಳಿಗ್ಗೆ ಹುಟ್ಟಿದವರಿಗೂ ಈ ನೇಮದಿಂದ ವಿನಾಯಿತಿ ಇಲ್ಲ. ಹಾಗಾಗಿ ನಲವತ್ತನೆಯ ದಿನವಾದ ಅಂದು ಯಾರೆದ್ ಚರ್ಚಿಗೆ ಹೋಗಬೇಕು, ಫೆವೆನ್ ಅಜ್ಜಿಯ ಬಳಿ ಉಳಿಯಬೇಕು. ಪೂಜೆಯ ಗಂಟೆ ಹೊಡೆಯುವುದರೊಳಗೆ ಸ್ನಾನ ಮುಗಿಯಬೇಕು. ಇಲ್ಲವಾದರೆ ನಲವತ್ತನೆಯ ದಿನ ಕೈತಪ್ಪಿದಂತೆಯೇ.

"ಅಣ್ಣನ ಹಬ್ಬಕ್ಕೆ ತಂಗಿ ಹಳೇ ಬಟ್ಟೇಲಿರ್ಬೇಕಾ?" ಎಂದು ಅತ್ತೆ ಇಬ್ಬರಿಗೂ ಬಿಳಿಯ ಹೊಸ ಬಟ್ಟೆ ಸುತ್ತಿ ಮಲಗಿಸಿದ್ದರು. ಹುಬ್ಬು, ಮೂಗು ಮಾತ್ರ ಕಾಣುವ ಎರಡು ಗಂಟುಗಳು. ವುಬಿತ್ ಒಂದನ್ನು ಎತ್ತಿಕೊಂಡಳು.

"ಬಿಚ್ಚಿ ನೋಡಿದ್ಯಾ?" ಅದಾನೆ ಕೇಳಿದ.

"ಹೆತ್ತೋಳು ಬಿಚ್ಚಿ ನೋಡ್ಬೇಕಾ? ಈ ಹುಬ್ಬು ನೋಡು, ಥೇಟ್ ನಿಮ್ಮಪ್ಪಂದು."

"ಇಬ್ರಿಗೂ ಅದೇ ಹುಬ್ಬಲ್ವಾ? ನಂಗ್ಯಾಕೋ ಎಡ ಹೊಕ್ಕಂಗಿದೆ."

"ನಿನ್ನೊಳಗಿಂದ ಅದು ಹೊರಗೆ ಹೋಗಿದ್ದು ಯಾವತ್ತು? ಆಟೋ ಹತ್ತು."

ಬಾಣಂತಿಗೂ ಅದೇ ಲೆಕ್ಕ. ಮಗನ ತಾಯಿಯಾಗಿ ಅವಳು ಅಂದು ಚರ್ಚಿನ ಒಳಗೆ ಹೋಗಬಹುದಿತ್ತು. ಮಗಳ ತಾಯಿಯಾಗಿ ಇನ್ನೂ ನಲವತ್ತು ದಿನ ಹೊರಗಿರಬೇಕಿತ್ತು. ಗೇಟಿನ ಬಳಿ ನಿಂತಳು. ಅದಾನೆ ಮಗುವನ್ನು ಒಳಗೆ ಒಯ್ದ. ಐದೇ ನಿಮಿಷದಲ್ಲಿ ಜರಿಯ ನಿಲುವಂಗಿಯ ಪಾದ್ರಿಯೇ ಗಂಟನ್ನೆತ್ತಿಕೊಂಡು ಹೊರಗೆ ಬಂದರು. ಹಿಂದೆ ಅದಾನೆ, ತಲೆ ತಗ್ಗಿಸಿಕೊಂಡು.

"ತಾಯಿ, ಇವತ್ತು ಗಂಡುಮಗು ಅಂದಿದ್ರಿ."

"ಹೌದು ಫಾದರ್."

"ಮಗೂಗೂ ಅದನ್ನ ಹೇಳಿದ್ರಾ?"

ಫೆವೆನ್ ಅಮ್ಮನನ್ನು ನೋಡಿ ಆಕಳಿಸಿದಳು.

ಆಗ ಹೊಕ್ಕಿತು ಎಡ. ನಲವತ್ತು ದಿನದ ಬಾಕಿಯನ್ನೆಲ್ಲ ಸೇರಿಸಿ ಒಮ್ಮೆಲೇ ಹೊಕ್ಕಿತು. ಅಳಬೇಕೋ, ಓಡಬೇಕೋ, ಪಾದ್ರಿಗಳ ಕಾಲಿಗೆ ಬೀಳಬೇಕೋ ತಿಳಿಯದೆ ಅವಳು ಮೂರನ್ನೂ ಅರ್ಧರ್ಧ ಮಾಡಿದಳು.

"ಅದಾನೆ, ಮನೇಗೆ ಓಡು, ಅವನನ್ನ ತಗೊಂಬಾ."

ಅದಾನೆಯ ಆಟೋ ಆ ಕಡೆ ತಿರುಗಿತು, ಈ ಕಡೆಯಿಂದ ಇನ್ನೊಂದು ಆಟೋ ಬಂದು ನಿಂತಿತು. ಕೋಳಿಸಾರಿನ ಮಸಾಲೆ ಕೈಯಲ್ಲೇ ಅತ್ತೆ ಇಳಿದರು. ತೋಳಿನಲ್ಲಿ ಗಂಟು, ಸೆರಗೆಲ್ಲ ಒದ್ದೆ.

"ಬಟ್ಟೆ ಬದಲಾಯ್ಸೋಣ ಅಂತ ಬಿಚ್ಚಿದ್ರೆ ನಿನ್ನ ಫೆವೆನ್ ನನ್ನ ಮೇಲೆ ಕಾರಂಜಿ ಹಾರಿಸಿದ್ಲು ಕಣೇ."

ಪಾದ್ರಿಗಳು ಒಂದನ್ನು ಕೊಟ್ಟು ಇನ್ನೊಂದನ್ನು ತೆಗೆದುಕೊಂಡರು, ಅಲ್ಲೇ ಬಿಚ್ಚಿ ಖಚಿತಪಡಿಸಿಕೊಂಡರು, ಒಳಗೆ ಓಡಿದರು.

"ಎಡ ಹೊಕ್ಕಿತ್ತೇನೇ ಮಗಳೇ?" ಅತ್ತೆ ಮೆಲ್ಲಗೆ ಕೇಳಿದರು.

"ಈಗ ಹೊಕ್ಕಿದೆ ಅತ್ತೆ. ಬೆಳಿಗ್ಗೇನೇ ಹೊಕ್ಕಿದ್ರೆ ಬಿಚ್ಚಿ ನೋಡ್ತಿದ್ದೆ."

ಅಷ್ಟರಲ್ಲಿ ಫೋನು ಬಂತು. ಆ ಕಡೆ ಅದಾನೆ. "ವುಬಿತ್, ಮನೇಲಿ ಒಂದು ಮಗೂನೂ ಇಲ್ಲ. ಮಂಚದ ಕೆಳಗೂ ನೋಡ್ದೆ."

ಒಳಗಿಂದ ಯಾರೆದ್ ನೀರಿಗೆ ಬೆಚ್ಚಿ ಕಿರುಚಿದ್ದು ಕೇಳಿತು. ಅದರ ಬೆನ್ನಿಗೇ ಗಂಟೆ ಹೊಡೆಯಿತು. ಅಂಥ ಇಂಪಾದ ಕಿರುಚಾಟವನ್ನು ವುಬಿತ್ ಹುಟ್ಟಿದಂದಿನಿಂದ ಕೇಳಿರಲಿಲ್ಲ.

ಪೂಜೆ ಮುಗಿದ ಮೇಲೆ ಪಾದ್ರಿಗಳು ಹಣೆಯಲ್ಲಿ ಎಣ್ಣೆ ಹೊಳೆಯುತ್ತಿದ್ದ ಮಗುವನ್ನು ಗೇಟಿನವರೆಗೂ ತಂದು ಅವಳ ಕೈಗಿಟ್ಟರು.

"ಇನ್ನು ನಲವತ್ತು ದಿನಕ್ಕೆ ಹುಡುಗೀದು. ಆವತ್ತು ಎರಡನ್ನೂ ತಂದುಬಿಡಿ ತಾಯಿ. ಯಾವುದು ಬೇಕೋ ನಾವೇ ಆರಿಸ್ಕೋತೀವಿ."