ಐದು ಗಡ್ಡದಪ್ಪ ಲವಂಗ

ಏನಾದರೂ ಕೆಟ್ಟರೆ ಮೊದಲು ಇನ್ನೊಬ್ಬರ ಕೈಯನ್ನು ಅನುಮಾನಿಸುವುದು ನನ್ನ ಹುಟ್ಟುಗುಣ. ಗೋಡೆಗೆ ಹೊಡೆದ ಮೊಳೆ ಸೊಟ್ಟಗಾದರೆ ಮೊಳೆ ಮಾಡಿದವನದು ತಪ್ಪು. ಸಾರಿಗೆ ಉಪ್ಪು ಹೆಚ್ಚಾದರೆ ಹೆಂಡತಿಯದು. ಆ ಉಪ್ಪನ್ನು ನಾನೇ ಹಾಕಿದ್ದರೂ ಅವಳದೇ, ಏಕೆಂದರೆ ಡಬ್ಬಿ ಕೈಗೆ ಕೊಟ್ಟವಳು ಅವಳು. ಕುಷ್ಟಗಿ, ಯಲಬುರ್ಗಾ ಕಡೆಯ ಸಾಲೆಗಳಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ, ತೂಕ-ಅಳತೆಯ ಪಾಠವನ್ನು ಪುಸ್ತಕ ತೆರೆಯದೆ ಹೇಳುತ್ತಿದ್ದವನು ನಾನು. ನಿವೃತ್ತನಾಗಿ ಗಂಗಾವತಿಯಲ್ಲಿ ಕೂತ ಮೇಲೆ ಒಂದು ಲೋಟ ಚಹಾ ನನ್ನ ಪಾಠವನ್ನು ನನಗೇ ಕಲಿಸಿತು.

ಆನೆಗೊಂದಿಯ ಹತ್ತಿರ ಹೊಳೆಯ ದಂಡೆಗೆ ನಮ್ಮ ಅವ್ವನ ಚಹಾದ ಅಂಗಡಿ ಇತ್ತು. ಆಚೆ ದಂಡೆಯ ಹಾಳು ಗುಡಿಗಳನ್ನು ನೋಡಲು ಬಂದ ಪರದೇಶದವರೂ ಹರಿಗೋಲು ಹತ್ತಿ ಅವಳ ಚಹಾಕ್ಕೆ ಬರುತ್ತಿದ್ದರು. ಎಲ್ಲ ಅವಳ ಮಸಾಲೆ ಪುಡಿಯ ಮಹಿಮೆ. ಶುಂಠಿ, ಮೆಣಸು, ಏಲಕ್ಕಿಯನ್ನು ಅವಳು ಮುಷ್ಟಿಯಲ್ಲೇ ಅಳೆದು ಹಾಕುವಳು. ಲವಂಗ ತುಟ್ಟಿ, ಅದಕ್ಕೆ ಮಾತ್ರ ಸಣ್ಣ ತಕ್ಕಡಿ. ಆದರೆ ಸಣ್ಣ ತೂಕದ ಕಲ್ಲು ಇರಲಿಲ್ಲ. ನಾಣ್ಯ ಇಟ್ಟು ತೂಗಿದರೆ, ಇಟ್ಟ ನಾಣ್ಯ ಮರುಗಳಿಗೆಯೇ ಯಾರಿಗೋ ಚಿಲ್ಲರೆಯಾಗಿ ಹೋಗಿಬಿಡುತ್ತಿತ್ತು. ಕೊನೆಗೆ ಅಮೆರಿಕದವನೊಬ್ಬ ನೆನಪಿಗೆಂದು ಕೊಟ್ಟುಹೋದ ಒಂದು ಸೆಂಟಿನ ನಾಣ್ಯವನ್ನು ಅವಳು ತಕ್ಕಡಿಗೆ ಹಾಕಿದಳು. “ಯಾ ಅಂಗಡ್ಯಾಗೂ ನಡಿಯಂಗಿಲ್ಲ, ನಮ್ಮ ತಕ್ಕಡ್ಯಾಗರ ನಡೀಲಿ” ಅಂದಳು. ನಾಣ್ಯದ ಮೇಲಿದ್ದ ಗಡ್ಡದ ಮನುಷ್ಯನಿಗೆ ‘ಗಡ್ಡದಪ್ಪ’ ಎಂದು ಹೆಸರಾಯಿತು. ಒಂದು ಡಬ್ಬಿ ಪುಡಿಗೆ ಐದು ಗಡ್ಡದಪ್ಪ ಲವಂಗ. ಆ ಚಹಾದ ಘಾಟು ಇವತ್ತಿಗೂ ನನ್ನ ಮೂಗಿನಲ್ಲಿದೆ, ಲೋಟದಲ್ಲಿ ಮಾತ್ರ ಇಲ್ಲ.

ನಾನು ನೌಕರಿಯ ಸಂದರ್ಶನಕ್ಕೆ ಬಳ್ಳಾರಿಗೆ ಹೊರಟ ಹಿಂದಿನ ದಿನ ಇನ್ನೊಬ್ಬ ಅಮೆರಿಕದವನು ನನಗೊಂದು ಹೊಸ ಸೆಂಟು ಕೊಟ್ಟ. ಥಳಥಳ ಹೊಳೆಯುತ್ತಿತ್ತು. ಅವ್ವನದು ಕೈಯ ಜಿಡ್ಡು, ಒಲೆಯ ಹೊಗೆ ಹತ್ತಿ ಕಪ್ಪಾಗಿತ್ತು. ಅದೇ ಅಗಲ, ಅದೇ ಗಡ್ಡ. ಅವ್ವನ ಹತ್ತಿರ ಹೊಸದಿರಲೆಂದು, ಅವಳಿಗೆ ಹೇಳದೆಯೇ ತಕ್ಕಡಿಯಲ್ಲಿ ಬದಲಿಸಿ, ಹಳೆಯದನ್ನು ಕಿಸೆಗೆ ಹಾಕಿಕೊಂಡೆ. ಅವಳು ತಕ್ಕಡಿ ನೋಡಿ, “ಗಡ್ಡದಪ್ಪಗ ಹುಣಸಿಹಣ್ಣು ಹಚ್ಚಿ ಜಳಕ ಮಾಡ್ಸಿಯೇನೋ?” ಅಂದಳು. ಹೊಗಳಿಕೆ ಪುಕ್ಕಟೆ ಬಂದರೆ ಬಿಡುವವನಲ್ಲ, ಹೂಂ ಅಂದೆ. ಮರುದಿನ ಬಸ್ಸು ಕಂಪ್ಲಿ ಸೇತುವೆಗೆ ಬಂದಾಗ ಎಲ್ಲರೂ ಕಿಟಕಿಯಿಂದ ಹೊಳೆಗೆ ಕಾಸು ಹಾಕಿ ಕೈಮುಗಿದರು. ನನ್ನ ಹತ್ತಿರ ರೂಪಾಯಿ ಇತ್ತು, ಅದು ಬಳ್ಳಾರಿಯಲ್ಲಿ ಇಡ್ಲಿಗೆ ಬೇಕು. ಎಲ್ಲೂ ನಡೆಯದ ಸೆಂಟನ್ನು ಹೊಳೆಗೆ ಎಸೆದು ನೌಕರಿ ಬೇಡಿದೆ. ನೌಕರಿ ಸಿಕ್ಕಿತು! ಹೊಳೆಯಮ್ಮನಿಗೆ ಯಾವ ದೇಶದ ರೊಕ್ಕವಾದರೂ ಆಗುತ್ತದೆ ಎಂದು ಗೆಳೆಯರ ಮುಂದೆ ಜಂಬ ಕೊಚ್ಚಿಕೊಂಡೆ.

ಅವ್ವನ ಚಹಾ ಸಪ್ಪೆಯಾಗತೊಡಗಿದ್ದು ಆಮೇಲೆ. ರಜೆಗೆ ಊರಿಗೆ ಹೋದಾಗ ಡಬ್ಬಿ ಮೂಸಿ ಮೂಸಿ ನೋಡುತ್ತಿದ್ದಳು. “ಐದ ಗಡ್ಡದಪ್ಪ ಸರಿಯಾಗಿ ಹಾಕೀನಿ. ಮೊದಲಿನಂಗ ಯಾಕ ಬರವಲ್ದೋ?”

“ನಾಕ ಲವಂಗ ಹೆಚ್ಚಿಗಿ ಹಾಕಬೇ ಅವ್ವಾ.”

“ತೂಕಾ ಸರಿ ಐತಲ್ಲ, ಹೆಚ್ಚಿಗಿ ಯಾಕ ಹಾಕ್ಲಿ?”

ಆಗ ನಾನು, ವಿಜ್ಞಾನದ ಮಾಸ್ತರ, ತೀರ್ಪು ಕೊಟ್ಟೆ. “ವಯಸ್ಸಾತಬೇ. ನಿನ್ನ ಕೈ ಮೊದಲಿನಂಗ ಉಳದಿಲ್ಲ.” ಅವಳು ಸಿಟ್ಟಾಗಲಿಲ್ಲ. ಎರಡೂ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಎರಡು ವರ್ಷಕ್ಕೆ ಅಂಗಡಿ ಮುಚ್ಚಿದಳು. ಈಗ ಅವಳೂ ಇಲ್ಲ.

ಈಚೆಗೆ ಆ ಚಹಾದ ನೆನಪು ಬಹಳ ಕಾಡತೊಡಗಿತು. ಅವಳ ತಕ್ಕಡಿ, ಅದರೊಳಗಿನ ಸೆಂಟು ಹೊರತೆಗೆದು ನಾಲ್ಕು ಸಲ ಪುಡಿ ಮಾಡಿದೆ. ನಾಲ್ಕು ಸಲವೂ ಸಪ್ಪೆ. ಕುಟ್ಟಿಕೊಟ್ಟ ಹೆಂಡತಿಯ ಕೈಯನ್ನು ಬೈದೆ. ಕೊನೆಗೆ ತಕ್ಕಡಿಯನ್ನೇ ಅನುಮಾನಿಸಿ, ಗಂಗಾವತಿಯ ಪೇಟೆಯಲ್ಲಿ ಚಿನ್ನದ ಕೆಲಸ ಮಾಡುವ ಪತ್ತಾರರ ಅಂಗಡಿಗೆ ಸೆಂಟು ಒಯ್ದೆ. ಅವರು ಅದನ್ನು ಮಷಿನ್ನಿನ ಮೇಲಿಟ್ಟರು. ಎರಡೂವರೆ ಗ್ರಾಂ. ಅರದಿಂದ ಅಂಚು ಉಜ್ಜಿದರು. ಒಳಗೆ ಬೆಳ್ಳಗೆ!

“ಇದು ತಾಂಬ್ರ ಅಲ್ರಿ ಮಾಸ್ತರ್ರ, ಸತು. ಮ್ಯಾಲ ಅಷ್ಟ ತಾಂಬ್ರದ ನೀರು ಕುಡಿಸ್ಯಾರ. ಹಳೇವು ಬ್ಯಾರೆ ಅದಾವ, ನೋಡ್ರಿ” ಎಂದು ತಮ್ಮ ಡಬ್ಬಿಯಿಂದ ಒಂದು ಕಪ್ಪು ಸೆಂಟು ತೆಗೆದಿಟ್ಟರು. ಮೂರು ಗ್ರಾಂ ದಾಟಿತು. ತಾಮ್ರ ತುಟ್ಟಿಯಾಯಿತೆಂದು ಅಮೆರಿಕದವರು ಸತುವಿಗೆ ಇಳಿದು, ಮುಖ ಮಾತ್ರ ಹಾಗೇ ಉಳಿಸಿದ್ದರಂತೆ. ಐದು ಸಲ ತೂಗಿದರೆ ಮೂರು ಗ್ರಾಂ ಲವಂಗ ಕಡಿಮೆ. ಅವ್ವನ ಕಪ್ಪು ಸೆಂಟೂ ಅಂಥದ್ದೇ, ಅದನ್ನು ಹೊಳೆಗೆ ಎಸೆದವನು ನಾನೇ.

ಪತ್ತಾರರ ಹಳೆಯ ಸೆಂಟನ್ನು ಎರವಲು ತಂದು ಪುಡಿ ಮಾಡಿದೆ. ಒಂದು ಗುಟುಕಿಗೇ ಹೊಳೆ ದಂಡೆ, ಅಂಗಡಿ, ಅವ್ವ ಎಲ್ಲ ಬಂದರು. ಲೋಟ ಹಿಡಿದು ಅವಳ ಫೋಟೋದ ಮುಂದೆ ನಿಂತು, “ನಿನ್ನ ಕೈ ಛಲೋನ ಇತ್ತಬೇ ಅವ್ವಾ. ತಪ್ಪು ನಂದು” ಅಂದೆ.

ಅಡುಗೆಮನೆಯಿಂದ ಹೆಂಡತಿ ಕೂಗಿದಳು. “ಹಂಗಾದ್ರ ಸಾರಿನ ಉಪ್ಪು ಯಾರದು, ಅದನ್ನೂ ಈಗ ಹೇಳಿಬಿಡ್ರಿ.”

ಲೋಟ ಕೆಳಗಿಟ್ಟು, ನನ್ನ ಎರಡೂ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡೆ.